ಅಂಬಿಗನ ಬಾಗಿಲಿಗೆ ಹಾಕಿದ ಸ್ಕ್ರೂ

ಹೊಳೆ ದಂಡೆಗೆ ಒಂದು ಆಶ್ರಮವಿತ್ತು. ಅಲ್ಲಿ ಊದುಬತ್ತಿಯ ವಾಸನೆಗಿಂತ ಕೊಯ್ದ ಮರದ ವಾಸನೆಯೇ ಹೆಚ್ಚು.

ಅಲ್ಲಿನ ಗುರುಗಳು ಮೋನಪ್ಪಜ್ಜ. ಬಡಗಿಯಾಗಿ ಬಾಳಿ, ತಲೆ ನರೆತ ಮೇಲೆ ಕಾವಿ ಉಟ್ಟವರು. ಕಾವಿ ಉಟ್ಟರೂ ಉಳಿ ಬಿಟ್ಟಿರಲಿಲ್ಲ. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಉಪದೇಶ ಕೇಳಲು ಬಂದವರಿಗೆ ಅವರು ಹೇಳುತ್ತಿದ್ದ ಮೊದಲ ಮಾತು, "ಬಂದ್ಯಾ? ಆ ಹಲಿಗಿ ತುದಿ ಹಿಡಕೋ."

ಶಿಷ್ಯನ ಹೆಸರು ಕಾಳಪ್ಪ. ಮೂವತ್ತು ದಾಟಿದ ಗಟ್ಟಿ ಆಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಲಿಯಬೇಕೆಂಬ ಆಸೆಯೂ ಬೆಟ್ಟದಷ್ಟು. ಆದರೆ ಒಂದು ಗಳಿಗೆ ತಡೆದು ನಿಲ್ಲು ಅಂದರೆ ಮಾತ್ರ ಅವನಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು.

ಒಂದು ದಿನ ಪಟ್ಟಣದ ಭಕ್ತರೊಬ್ಬರು ಬಂದು ಎರಡು ಯಂತ್ರ ಕಾಣಿಕೆ ಕೊಟ್ಟು ಹೋದರು. ಎರಡೂ ಬ್ಯಾಟರಿಯವು, ವೈರಿನ ಕಾಟವಿಲ್ಲ. ಒಂದು ಡ್ರಿಲ್. ಇನ್ನೊಂದು ಇಂಪ್ಯಾಕ್ಟ್ ಡ್ರೈವರ್. ಡ್ರಿಲ್ಲಿಗಿಂತ ಗಿಡ್ಡ, ಮೋಟು ಮೂತಿಯದು.

ಕಾಳಪ್ಪನಿಗೆ ಊಟ ಸೇರಲಿಲ್ಲ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಅಜ್ಜಾರ ಮುಂದೆ ಬಂದು ನಿಂತ.

"ಅಜ್ಜಾರ, ಎರಡೂ ಸ್ಕ್ರೂ ಹಾಕ್ತಾವ್ರಿ. ಎರಡರೊಳಗ ಯಾವುದು ಮೇಲ್ರಿ?"

"ಹಾಕಿ ನೋಡು."

ಹಾಕಿ ನೋಡಿದ. ಡ್ರಿಲ್ಲಿನ ಕುತ್ತಿಗೆಗೆ ಒಂದು ಬಳೆ ಇತ್ತು, ಬಳೆಯ ಮೇಲೆ ಅಂಕಿಗಳಿದ್ದವು. ಸಣ್ಣ ಅಂಕಿಗೆ ತಿರುಗಿಸಿದರೆ ಕಡಿಮೆ ಬಿಗಿ, ದೊಡ್ಡ ಅಂಕಿಗೆ ಹೆಚ್ಚು ಬಿಗಿ. ಸ್ಕ್ರೂ ಅಷ್ಟು ಬಿಗಿಯಾದ ಕೂಡಲೇ ಯಂತ್ರ ಕಟಕಟ ಅನ್ನುತ್ತಿತ್ತು, ಸ್ಕ್ರೂ ತಿರುಗುವುದು ನಿಲ್ಲುತ್ತಿತ್ತು. ಉದ್ದ ಸ್ಕ್ರೂ ಹಾಕಬೇಕಾದರೆ ಎದೆ ಕೊಟ್ಟು ಒತ್ತಬೇಕಾಗುತ್ತಿತ್ತು, ಮಣಿಕಟ್ಟು ತಿರುಚುತ್ತಿತ್ತು.

ಇಂಪ್ಯಾಕ್ಟಿಗೆ ಆ ಬಳೆ ಇರಲಿಲ್ಲ. ಮರ ಎದುರು ನಿಂತರೆ ಅದು ತನ್ನ ಹೊಟ್ಟೆಯೊಳಗೇ ಸುತ್ತಿಗೆ ಬಡಿದುಕೊಳ್ಳುತ್ತ, ಟಟಟಟಟ ಎಂದು ಅರಚುತ್ತ ತಿರುಗಿಸುತ್ತಿತ್ತು. ಕೈಗೆ ನೋವಿಲ್ಲ. ಬೆರಳುದ್ದದ ಸ್ಕ್ರೂ ಬಾಳೆಹಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಒಳಗೆ ಹೋಗುತ್ತಿತ್ತು.

"ತೀರ್ಮಾನ ಆತ್ರಿ ಅಜ್ಜಾರ," ಅಂದ ಕಾಳಪ್ಪ. "ಡ್ರಿಲ್ ಅಂಜುಬುರುಕ. ಒಂದೀಟು ಬಿಗಿ ಆತಂದ್ರ ಕಟಕಟ ಅಂತ ಕೈ ಚೆಲ್ಲಿ ಕುಂದರ್ತೈತಿ. ಇಂಪ್ಯಾಕ್ಟ್ ಹಂಗಲ್ಲ. ಹಿಡಿದದ್ದು ಬಿಡೂದಿಲ್ಲ."

ಅಜ್ಜಾರು ಉಳಿ ಮಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಕೈ ಚೆಲ್ತೈತೋ? ಏನರ ಹೇಳ್ತೈತೋ?"

"ಮಷೀನ್ ಏನ್ ಹೇಳ್ತೈತ್ರಿ!"

ಅಜ್ಜಾರು ಉಳಿಯ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ಮತ್ತೆ ಮಸೆಯತೊಡಗಿದರು. ಕಾಳಪ್ಪ ಗೆದ್ದೆನೆಂದುಕೊಂಡ, ಪಾಪ.

ಅದೇ ವಾರ ಅಂಬಿಗರ ದುರ್ಗಪ್ಪ ಜ್ವರದಲ್ಲಿ ತೀರಿಕೊಂಡ.

ದುರ್ಗಪ್ಪನ ಮನೆ ಆಶ್ರಮದ ಪಕ್ಕದಲ್ಲೇ, ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ. ಆ ದಂಡೆಯಿಂದ ಈ ದಂಡೆಗೆ ದೋಣಿ ಹಾಕುತ್ತಿದ್ದ ಮನುಷ್ಯ. ಹೆಂಡತಿ ಫಕೀರವ್ವ, ಇಬ್ಬರು ಹೆಣ್ಣುಮಕ್ಕಳು, ಒಂದು ದೋಣಿ, ಆ ಮನೆ. ಅವನದು ಅಂತ ಇದ್ದದ್ದು ಅಷ್ಟೇ.

ಮಣ್ಣು ಮಾಡಿ ಬಂದ ಮೇಲೆ ಊರ ಹಿರಿಯರು ಪಂಚಾಂಗ ನೋಡಿಸಿದರು. ನಕ್ಷತ್ರ ಕೆಟ್ಟದ್ದಿತ್ತು. ಅಂಥ ನಕ್ಷತ್ರದಲ್ಲಿ ಜೀವ ಹೋದರೆ ಮನೆ ಬಿಡಬೇಕು. ಬಾಗಿಲು ಮುಚ್ಚಿ ಜಾಲಿಮುಳ್ಳು ಹಚ್ಚಿ ಮೂರು ತಿಂಗಳು ಯಾರೂ ಕಾಲಿಡಬಾರದು. ಅವಧಿ ಮುಗಿದ ಮೇಲೆ ಅದೇ ಬಾಗಿಲು ತೆರೆದು, ದೀಪ ಹಿಡಿದು ಒಳಗೆ ಹೋಗಬೇಕು. ನಡುವೆ ಆ ಬಾಗಿಲು ಒಡೆಯಿತೋ, ಎರಡಾಗಿ ಸೀಳಿತೋ, ಮುಗಿಯಿತು. ಮನೆ ಸತ್ತವನದಾಗುತ್ತದೆ. ಬದುಕಿದವರು ಮತ್ತೆ ಆ ಹೊಸ್ತಿಲು ತುಳಿಯುವ ಹಾಗಿಲ್ಲ.

ಫಕೀರವ್ವನನ್ನು ಉಟ್ಟ ಸೀರೆಯಲ್ಲೇ ಹೊರಗೆ ಎಳೆದು ತಂದರು. ಆಕೆ ಮಕ್ಕಳನ್ನು ಕಟ್ಟಿಕೊಂಡು ಆಶ್ರಮದ ಪಡಸಾಲೆಗೆ ಬಂದಳು.

ಹೊಳೆಯ ಗಾಳಿಗೆ ಮುಳ್ಳು ನಿಲ್ಲಲಿಲ್ಲ. ಹಚ್ಚಿದ ಮುಳ್ಳು ಮರುದಿನ ಮೆಟ್ಟಿಲ ಕೆಳಗೆ ಬಿದ್ದಿರುತ್ತಿತ್ತು. ಹಿರಿಯರು ಅಜ್ಜಾರ ಹತ್ತಿರ ಬಂದರು.

"ಅಡ್ಡ ಪಟ್ಟಿ ಹಾಕಿ ಸ್ಕ್ರೂ ಬಿಗದು ಕೊಡ್ರಿ ಅಜ್ಜಾರ. ಮುಳ್ಳಿನ ಬದಲಿ ಅದ ಆಗ್ಲಿ."

ಅಜ್ಜಾರಿಗೆ ಆ ದಿನ ಮೊಣಕಾಲು ಹಿಡಿದಿತ್ತು. ಶಿಷ್ಯನನ್ನು ಕರೆದರು.

"ಕಾಳಪ್ಪ, ನೀ ಹೋಗು. ಕದ ಬೇವಿಂದು, ಹಳೇದು. ಒಣಗಿ ಹಪ್ಪಳ ಆಗೈತಿ. ಪದ್ಧತಿ ಗೊತ್ತೈತಲ್ಲ?"

"ಎಲ್ಲಾ ಗೊತ್ತೈತ್ರಿ."

ಕಾಳಪ್ಪ ಇಂಪ್ಯಾಕ್ಟ್ ಒಂದನ್ನೇ ಹಿಡಿದು ಹೊರಟ. ಡ್ರಿಲ್ ಒಯ್ದಿದ್ದರೆ ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಬಹುದಿತ್ತು. ಹಳೆ ಮರ ಸೀಳದಿರಲಿ ಅಂತ ಬಡಗಿಗಳು ಮಾಡುವುದೇ ಹಾಗೆ. ಆದರೆ ತೂತಿಲ್ಲದೆಯೂ ನುಗ್ಗುವ ಯಂತ್ರ ಕೈಯಲ್ಲಿರುವಾಗ ತೂತು ಯಾಕೆ ಅಂದುಕೊಂಡ.

ಫಕೀರವ್ವ ಮಕ್ಕಳ ಜೊತೆ ದೂರ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಯಪ್ಪಾ, ಕದ ಜ್ವಾಕಿ. ಅದೊಂದು ಉಳದ್ರ ಈ ಹುಡುಗ್ಯಾರಿಗೆ ಒಂದು ನೆಳ್ಳು ಉಳಿತೈತಿ."

"ಚಿಂತಿ ಬಿಡಬೇ ಯಕ್ಕಾ. ದೆವ್ವ ಬಂದು ಜಗ್ಗಿದ್ರೂ ಅಲ್ಲಾಡಬಾರದು, ಹಂಗ ಹಾಕ್ತೀನಿ."

ಹಾಕಿದ. ಪಟ್ಟಿಯ ಮೇಲಿಂದ ಚೌಕಟ್ಟಿಗೊಂದು, ಕದಕ್ಕೊಂದು, ಮತ್ತೆ ಚೌಕಟ್ಟಿಗೊಂದು. ಟಟಟಟಟ ಎಂದು ಹೊಳೆಯ ಆಚೆ ದಂಡೆಗೂ ಕೇಳಿಸುವ ಹಾಗೆ ಬಡಿಯಿತು. ಸ್ಕ್ರೂ ತಲೆಗಳು ಮರದ ಮೈಯಲ್ಲಿ ಹುಗಿದು ಹೋದವು. ಬೇರೆಯವರಾದರೆ ಒಂದು ತಾಸು ಹಿಡಿಯುತ್ತಿದ್ದ ಕೆಲಸವನ್ನು ಕಾಳಪ್ಪ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿ ಎದ್ದ.

ಫಕೀರವ್ವ ಕೈ ಮುಗಿದಳು. ಅವನ ಎದೆ ಉಬ್ಬಿತು.

ಮರುದಿನ ನೆತ್ತಿ ಸುಡುವ ಮಧ್ಯಾಹ್ನ. ಕಾಳಪ್ಪ ಕೆಲಸದ ಕೋಣೆಯಲ್ಲಿ ಒಬ್ಬನೇ ಪುಡಿ ಗುಡಿಸುತ್ತಿದ್ದ. ಎರಡೂ ಯಂತ್ರ ಗೂಡಿನಲ್ಲಿದ್ದವು. ಬ್ಯಾಟರಿಗಳನ್ನು ಕಳಚಿ ಚಾರ್ಜಿಗೆ ಹಾಕಿದ್ದ.

ಟಟಟಟಟ.

ಕಾಳಪ್ಪ ಕಸಬರಿಗೆ ಹಿಡಿದೇ ನಿಂತ.

ಟಟಟಟಟ. ಸದ್ದು ಹೊಳೆಯ ಕಡೆಯಿಂದ ಬರುತ್ತಿತ್ತು. ಅವನು ತಿರುಗಿ ಗೂಡು ನೋಡಿದ. ಯಂತ್ರಗಳೆರಡೂ ಬ್ಯಾಟರಿ ಇಲ್ಲದೆ ಬಾಯಿ ಬಿಟ್ಟುಕೊಂಡು ಕೂತಿದ್ದವು.

ಪಡಸಾಲೆಯಿಂದ ಅಜ್ಜಾರ ದನಿ ಬಂತು. "ಕಾಳಪ್ಪ, ಯಾರಪಾ ಈಗ ಸ್ಕ್ರೂ ಹಾಕಾಕತ್ತಾರ?"

ಕಾಳಪ್ಪ ಕಸಬರಿಗೆ ಬಿಸಾಕಿದ. ಓಡಿದ.

ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದು ಬಿಟ್ಟು, ಒದ್ದೆ ಬಟ್ಟೆ ಕೈಯಲ್ಲಿ ಹಾಗೇ ಹಿಡಿದು ಆ ಮನೆಯ ಕಡೆ ನೋಡುತ್ತಿದ್ದರು. ಬಾಗಿಲ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಹತ್ತಿರ ಹೋಗುತ್ತಿದ್ದ ಹಾಗೆ ಸದ್ದು ನಿಂತಿತು.

ಒಂದು ಸ್ಕ್ರೂ ತಲೆಯ ಮೇಲೆ ಬೆರಳಿಟ್ಟ. ಫಕ್ಕನೆ ಕೈ ಹಿಂದೆ ತಗೊಂಡ. ಸ್ಕ್ರೂ ಸುಡುತ್ತಿತ್ತು. ಆಗ ತಾನೇ ಯಾರೋ ಬಿಗಿದ ಹಾಗೆ.

ಬಿಸಿಲಿಗೆ ಕಾದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಬಾಗಿಲು ಇದ್ದದ್ದು ನೆರಳಿನಲ್ಲಿ.

ಬಗ್ಗಿ ನೋಡಿದ. ನಿನ್ನೆ ಹುಗಿದಿದ್ದ ತಲೆಗಳು ಇವತ್ತು ಇನ್ನೂ ಒಳಗೆ ಹೋಗಿದ್ದವು, ಒಳಗಿನಿಂದ ಯಾರೋ ತುದಿ ಹಿಡಿದು ಜಗ್ಗಿದ ಹಾಗೆ. ನಡುವಿನ ಸ್ಕ್ರೂನಿಂದ ಕೂದಲೆಳೆಯಂಥ ಒಂದು ಬಿರುಕು ಕದದ ಮೇಲೆ ಹತ್ತಿತ್ತು. ಬಿರುಕಿನಿಂದ ಹೊಸ ಮರದ ಪುಡಿ ಸಣ್ಣಗೆ ಉದುರುತ್ತಿತ್ತು.

ಕಾಳಪ್ಪನಿಗೆ ಹೆದರಿಕೆ ಆಯಿತು. ಆದರೆ ಹೆದರಿಕೆ ಆದದ್ದು ಯಾರಿಗೂ ಗೊತ್ತಾಗಬಾರದು ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಅಜ್ಜಾರಿಗೆ ಹೇಳಲಿಲ್ಲ. ಸಂಜೆ ಇನ್ನೊಂದು ಪಟ್ಟಿ ತಂದು ಬಿರುಕಿನ ಮೇಲೆ ಅಡ್ಡ ಇಟ್ಟ. ಇನ್ನಷ್ಟು ಸ್ಕ್ರೂ, ಇನ್ನಷ್ಟು ಬಿಗಿ.

"ಈಗ ತಿರುಗಿಸು ನೋಡ್ತೀನಿ," ಎಂದು ಬಾಗಿಲಿಗೆ ಹೇಳಿ ಬಂದ.

ಮರುದಿನ ಮಧ್ಯಾಹ್ನ ಅದು ತಿರುಗಿಸಿತು.

ಈ ಸಲ ಊರಿಗೆಲ್ಲ ಕೇಳಿಸಿತು. ಒಂದು ನಿಂತರೆ ಇನ್ನೊಂದು. ಹೊಸ ಪಟ್ಟಿಯ ಸ್ಕ್ರೂಗಳೂ ಸಾಲಾಗಿ ಬಡಿದುಕೊಂಡವು. ಕದ ಲಟ್ ಎಂದಿತು. ಕೂದಲೆಳೆಯಂತಿದ್ದ ಬಿರುಕಿನಲ್ಲಿ ಈಗ ಉಗುರು ಹೋಗುವಷ್ಟು ಜಾಗವಾಗಿತ್ತು. ಅದು ಎದೆಮಟ್ಟಕ್ಕೆ ಹತ್ತಿ ನಿಂತಿತು.

ಹಿರಿಯರು ದೂರದಿಂದಲೇ ನೋಡಿದರು. "ಇನ್ನ ಮ್ಯಾಲಿನ ತನಕಾ ಸೀಳ್ತಂದ್ರ ಮನಿ ಅವಂದು," ಎಂದು ಒಬ್ಬರು ಹೇಳಿದರು. ಉಳಿದವರು ಹೂಂ ಅಂದರು.

ಫಕೀರವ್ವ ಅಳಲಿಲ್ಲ. ಕಾಳಪ್ಪನ ಎದುರು ಬಂದು ನಿಂತಳು.

"ದೆವ್ವ ಜಗ್ಗಿದ್ರೂ ಅಲ್ಲಾಡೂದಿಲ್ಲ ಅಂದಿದ್ಯಲ್ಲೋ ಯಪ್ಪಾ. ಈಗ ನಾ ಈ ಮಕ್ಕಳನ್ನ ಕರಕೊಂಡು ಎಲ್ಲಿಗೆ ಹೋಗಲಿ?"

ಬೈದಿದ್ದರೆ ಚೆನ್ನಾಗಿತ್ತು. ಕಾಳಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಅವನು ಕೋಣೆಗೆ ಹೋಗಿ ಇಂಪ್ಯಾಕ್ಟ್ ಎತ್ತಿಕೊಂಡು ಹೊಳೆಯ ಕಡೆ ನಡೆದ. ನೀರಿಗೆ ಬೀಸಿ ಒಗೆಯಲು ಕೈ ಎತ್ತಿದ್ದ.

"ಅದೇನ್ ಮಾಡೈತೋ ಪಾಪ," ಅಂದರು ಹಿಂದಿನಿಂದ ಅಜ್ಜಾರು. ಕೋಲೂರಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. "ಕೆಳಗಿಳಸು."

ಕಾಳಪ್ಪ ಇಳಿಸಿದ. ಮೆಟ್ಟಿಲ ಮೇಲೆ ಕುಸಿದು ಕೂತ. ಎಲ್ಲ ಹೇಳಿಬಿಟ್ಟ. ಸುಡುವ ಸ್ಕ್ರೂ, ಉದುರುವ ಪುಡಿ, ಮೇಲೆ ಹಾಕಿದ ಪಟ್ಟಿ, ಎಲ್ಲ.

ಅಜ್ಜಾರು ಕೇಳಿ ಮುಗಿಸಿ ಒಂದೇ ಮಾತು ಕೇಳಿದರು.

"ಮುಚ್ಚೂಕಿಂತ ಮೊದಲ ಕೇಳಿದ್ಯಾ?"

ಸತ್ತವರ ಮನೆ ಮುಚ್ಚುವಾಗ ಅಜ್ಜಾರ ಪರಂಪರೆಯ ಬಡಗಿಗಳದೊಂದು ಪದ್ಧತಿ. ಬಾಗಿಲಿಗೆ ಮುಖ ಮಾಡಿ, ಹೋದವರ ಹೆಸರು ಹಿಡಿದು, 'ಮುಚ್ಚಲೇನು?' ಎಂದು ಕೇಳಬೇಕು. ಕೇಳಿ ನಿಲ್ಲಬೇಕು. ಆಮೇಲೆ ಕೆಲಸಕ್ಕೆ ಕೈ ಹಚ್ಚಬೇಕು.

"ಕೇಳಿದ್ನಿರಿ," ಅಂದ ಕಾಳಪ್ಪ.

"ಏನಂದ?"

"ಸತ್ತ ಮನಷ್ಯಾ ಏನಂತಾನ್ರಿ?"

"ಅದನ್ನ ನನ್ನ ಕೇಳಬ್ಯಾಡ. ಅಲ್ಲಿ ನಿಂತಾಂವ ನೀನು."

ಕಾಳಪ್ಪ ನೆಲ ನೋಡಿದ. ಕೇಳಿದ್ದೇನೋ ನಿಜ. ಆದರೆ ಕೇಳುವಾಗಲೇ ಬೆರಳು ಗುಂಡಿ ಒತ್ತಿತ್ತು. ತಾನು ಕೇಳಿದ ಮಾತು ಅವನ ಕಿವಿಗೇ ಬಿದ್ದಿರಲಿಲ್ಲ.

"ಮಷೀನ್ ಚಾಲೂ ಇತ್ರಿ," ಅಂದ ಮೆಲ್ಲಗೆ.

"ಹಂಗಾರ ಅವ ಏನೋ ಅಂದಿರಬೇಕು. ನಿನಗ ಕೇಳಿಲ್ಲ. ಅದಕ್ಕ ಅವ ಈಗ ನಿನ್ನ ಕೆಲಸ ಮುಂದುವರಿಸ್ಯಾನ."

"ನನ್ನ ಕೆಲಸಾ?"

"ಹೂಂ ಮತ್ತ. ಬಿಗಿ, ಇನ್ನೂ ಬಿಗಿ, ಇನ್ನೂ ಬಿಗಿ. ಮುಚ್ಚೂದಂದ್ರ ಇದು ಅಂತ ನೀನ ಹೋಗಿ ಕಲಿಸಿ ಬಂದಿ. ಅವ ಕಲತಾನ."

ಬಿಸಿಲಿತ್ತು. ಆದರೂ ಕಾಳಪ್ಪನ ಬೆನ್ನ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು.

"ಅಜ್ಜಾರ, ಏನರ ಮಾಡ್ರಿ. ನನಗೇನರ ಆಗ್ಲಿ, ಆಕಿ ಮನಿ ಹೋಗಬಾರದ್ರಿ."

"ಏಳು. ಎರಡೂ ಮಷೀನ್ ತಗೋ."

"ಈ ಪಾಪೀನೂ ತರಬೇಕೇನ್ರಿ?" ಅಂದ ಇಂಪ್ಯಾಕ್ಟ್ ತೋರಿಸಿ.

"ಅದೇನ್ ಪಾಪಾ ಮಾಡೈತಿ? ಅಷ್ಟು ಹುಗದ ಸ್ಕ್ರೂ ಡ್ರಿಲ್‌ಗೆ ಬಗ್ಗೂದಿಲ್ಲ. ಮೂತಿಗೆ ಸಿಗಸೋ ಬಿಟ್ ಜಾರಿ ಸ್ಕ್ರೂ ತಲಿ ಕೆಟ್ಟು ಹೋಗ್ತೈತಿ. ಒಳಗ ಹಾಕಿದ್ದು ಅದ. ಹೊರಗೂ ಅದ ತರಬೇಕು."

ಬಾಗಿಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಹೊಳೆಯಲ್ಲಿ ದುರ್ಗಪ್ಪನ ದೋಣಿ ಗೂಟಕ್ಕೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಗಾಳಿ ಇರಲಿಲ್ಲ. ಆದರೂ ಹಗ್ಗ ಬಿಗಿದುಕೊಂಡು ಕಿರ್ರೆನ್ನುತ್ತಿತ್ತು.

ಹಿರಿಯರಲ್ಲೊಬ್ಬರು ಮುಂದೆ ಬಂದರು. "ಅಜ್ಜಾರ, ಅವಧಿ ಮುಗದಿಲ್ಲ. ಬಾಗಿಲ ತೆರದ್ರ ಕೇಡು."

"ಬಾಗಿಲ ಯಾರು ತೆರೀತಾರ? ಪಟ್ಟಿ ಅಷ್ಟ ತಗೀತೀವಿ. ನೀವು ಸ್ವಲ್ಪ ಹಿಂದ ಸರೀರಿ."

ಅವರು ಬೇಕಾದ್ದಕ್ಕಿಂತ ಹೆಚ್ಚೇ ಹಿಂದೆ ಸರಿದರು. ಫಕೀರವ್ವ ಮಾತ್ರ ಮಕ್ಕಳ ಕೈ ಹಿಡಿದು ಅಲ್ಲೇ ನಿಂತಳು.

ಅಜ್ಜಾರು ಒಂದು ಮೊಳೆಯಿಂದ ಸ್ಕ್ರೂ ತಲೆಯೊಳಗಿನ ಪುಡಿ ಕೆದಕಿ ತೆಗೆದರು. ಇಂಪ್ಯಾಕ್ಟನ್ನು ಉಲ್ಟಾ ತಿರುಗಲು ಹಚ್ಚಿದರು. ಬಿಟ್ ನೆಟ್ಟಗೆ ಕೂರಿಸಿ ಗುಂಡಿಯನ್ನು ಹಗುರಾಗಿ ಒತ್ತಿದರು.

ಟ.

ಬಿಟ್ಟರು. ಕಿವಿ ಕೊಟ್ಟರು.

ಟ. ಟ. ಮತ್ತೆ ಬಿಟ್ಟರು.

ಕಾಳಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಅರಚುವುದು ಬಿಟ್ಟು ಬೇರೇನೂ ಬಾರದು ಅಂದುಕೊಂಡಿದ್ದ ಯಂತ್ರ ಅಜ್ಜಾರ ಕೈಯಲ್ಲಿ ಗುಸುಗುಸು ಮಾತಾಡುತ್ತಿತ್ತು.

ಟ.

ಬಾಗಿಲ ಆಚೆಯಿಂದ, ತೀರ ಹತ್ತಿರದಿಂದ, ಟ.

ಸಣ್ಣ ಹುಡುಗಿ ಅವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಾರು ಕೈ ತೆಗೆಯಲಿಲ್ಲ. ಮೊದಲ ಸ್ಕ್ರೂ ಮೆಲ್ಲಗೆ ಹೊರಗೆ ಬಂದು ಅವರ ಅಂಗೈಗೆ ಬಿತ್ತು.

ಎರಡನೆಯದಕ್ಕೆ ಬಿಟ್ ಕೂರಿಸಿದರು. ಆಗ ಕಾಳಪ್ಪ ಅಜ್ಜಾರ ಕಾವಿಯ ಚುಂಗು ಹಿಡಿದು ಜಗ್ಗಿದ. ಬೆರಳು ತೋರಿಸಿದ.

ಪಟ್ಟಿಯ ಆ ತುದಿಯ ಸ್ಕ್ರೂ, ಯಾರೂ ಮುಟ್ಟದ ಸ್ಕ್ರೂ, ತನ್ನಷ್ಟಕ್ಕೆ ತಿರುಗುತ್ತಿತ್ತು. ಸ್ವಲ್ಪ ತಿರುಗಿ ನಿಲ್ಲುತ್ತಿತ್ತು. ಮತ್ತೆ ಸ್ವಲ್ಪ ತಿರುಗಿ ನಿಲ್ಲುತ್ತಿತ್ತು. ಹೊರಗೆ ಬರುತ್ತಿತ್ತು.

"ನೋಡು," ಅಂದರು ಅಜ್ಜಾರು. "ಬಿಚ್ಚೂದನ್ನೂ ಕಲತ."

ಆಮೇಲೆ ಈಚೆಯಿಂದ ಒಂದು, ಆಚೆಯಿಂದ ಒಂದು. ಸ್ಕ್ರೂಗಳು ಕಲ್ಲಿನ ಮೇಲೆ ಟಿಣ್ ಟಿಣ್ ಎಂದು ಬಿದ್ದವು. ಬಿಗಿ ಇಳಿದ ಹಾಗೆಲ್ಲ ಬೇವಿನ ಕದ ಉಸಿರು ಬಿಟ್ಟಂತೆ ಸಣ್ಣಗೆ ಸದ್ದು ಮಾಡಿತು. ಬಿರುಕು ಕೂಡಿಕೊಂಡು ಮತ್ತೆ ಕೂದಲೆಳೆಯಷ್ಟಾಯಿತು. ಪಟ್ಟಿಗಳು ಬಿಚ್ಚಿ ಬಂದವು. ಕದ ಇದ್ದಲ್ಲೇ ಮುಚ್ಚಿಕೊಂಡು ನಿಂತಿತು.

ಫಕೀರವ್ವ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದಳು.

"ಈಗ ಕೇಳು," ಅಂದರು ಅಜ್ಜಾರು.

"ನಾನೇನ್ರಿ?"

"ಅವಾಂಗ ಉತ್ತರ ಕೊಡಾಕ ಬಿಡದಾಂವ ನಾನೇನು?"

ಕಾಳಪ್ಪ ಕೈಯಲ್ಲಿದ್ದ ಡ್ರಿಲ್ ಕೆಳಗಿಟ್ಟ. ಬಾಗಿಲಿಗೆ ಮುಖ ಮಾಡಿ ನಿಂತ. ಮೂಗಿಗೆ ಹಳೆ ಬೇವಿನ ವಾಸನೆ, ಮೀನಿನ ಬಲೆಯ ವಾಸನೆ ಹೊಡೆಯಿತು.

"ದುರ್ಗಪ್ಪಣ್ಣಾ," ಅಂದ. ದನಿ ಒಡೆಯಿತು. "ದುರ್ಗಪ್ಪಣ್ಣಾ, ಮುಚ್ಚಲೇನು?"

ನಿಂತ.

ಹೊಳೆ ಹರಿಯುವುದು ಕೇಳಿಸಿತು. ಎಲ್ಲೋ ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಅವನಿಗೆ ಓಡಿ ಹೋಗಬೇಕು ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ ಓಡದೆ ನಿಂತ.

ಹೊತ್ತಾಯಿತು.

"ಅಜ್ಜಾರ, ಏನೂ..."

ಅಜ್ಜಾರು ಕೈ ಎತ್ತಿ ತಡೆದರು. ಅವರು ಬಾಗಿಲು ನೋಡುತ್ತಿರಲಿಲ್ಲ. ಫಕೀರವ್ವನನ್ನು ನೋಡುತ್ತಿದ್ದರು. ಆಕೆ ಮಕ್ಕಳ ಕೈ ಬಿಟ್ಟು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದಳು.

"ಏನಬೇ ತಂಗಿ?"

"ಅವ ದೋಣಿ ಬಿಡೂಕಿಂತ ಮೊದಲ ದಂಡಿಗೆ ನಿಂತು ಕೂಗಾಂವ್ರಿ," ಅಂದಳು ಫಕೀರವ್ವ. "ಬರೋರು ಯಾರರ ಉಳದೀರೇನು ಅಂತ. ಓ ಅಂತ ಯಾರರ ಅಂದ್ರ ಎಷ್ಟೊತ್ತಾದ್ರೂ ನಿಂದರ್ತಿದ್ದ. ಇವರು ನನ್ನ ರೆಟ್ಟಿ ಹಿಡದು ಎಳಕೊಂಡು ಬಂದ್ರಿ. ಹೋಗ್ತೀನಿ ಅಂತ ಅವಾಂಗ ಒಂದು ಮಾತು ಹೇಳಾಕ ಬಿಡಲಿಲ್ರಿ."

"ಈಗ ಹೇಳು."

ಆಕೆ ಬಾಗಿಲ ಹತ್ತಿರ ಹೋದಳು. ಹಿರಿಯರು ಗುಸುಗುಸು ಅಂದರು. ಅಜ್ಜಾರು ತಿರುಗಿ ಒಮ್ಮೆ ನೋಡಿದರು, ಗುಸುಗುಸು ನಿಂತಿತು.

ಫಕೀರವ್ವ ಕದಕ್ಕೆ ಅಂಗೈ ಇಟ್ಟಳು.

"ನಾವು ಇಲ್ಲೇ ಅಜ್ಜಾರ ಪಡಸಾಲ್ಯಾಗ ಅದೀವಿ. ದೂರ ಹೋಗಿಲ್ಲ. ಹುಡುಗ್ಯಾರು ಉಂಡಾರ. ಸಣ್ಣಾಕಿ ಕೆಮ್ಮು ಕಮ್ಮಿ ಆಗೈತಿ. ದೋಣಿ ಭದ್ರ ಕಟ್ಟೇನಿ, ನೀ ಕಟ್ಟೋ ಗಂಟ ಹಾಕೇನಿ." ಇಲ್ಲಿ ಆಕೆಗೆ ಅಳು ತಡೆಯಲಾಗಲಿಲ್ಲ. "ನೀ ನಮ್ಮ ಸಲುವಾಗಿ ನಿಂದರಬ್ಯಾಡ. ನಾವು ಈ ದಂಡ್ಯಾಗ ಇರೋರು. ನೀ ಹೊಂಟ ಬಿಡು. ಕೇಳ್ತೇನು? ನೀ ಹೊಂಟ ಬಿಡು."

ಗೂಟದ ಹಗ್ಗ ಕಿರ್ರೆನ್ನುವುದು ನಿಂತಿತು.

ಆಮೇಲೆ ಒಳಗಿನಿಂದ ಒಂದು ಕೂಗು ಬಂತು. ಬಾಗಿಲ ಹಿಂದಿನಿಂದ ಬಂದ ಹಾಗಿರಲಿಲ್ಲ. ಅಗಲವಾದ ನೀರು ದಾಟಿ, ಆಚೆ ದಂಡೆಯಿಂದ ಬಂದ ಹಾಗಿತ್ತು. ಉದ್ದಕ್ಕೆ, ಸಮಾಧಾನದ ದನಿಯಲ್ಲಿ.

"ಓ..."

ಎಲ್ಲರಿಗೂ ಕೇಳಿಸಿತು. ದೊಡ್ಡ ಮಗಳು "ಅಪ್ಪಾ" ಅಂದಳು. ಹಿರಿಯರಲ್ಲಿ ಇಬ್ಬರು ಅಲ್ಲಿಂದ ಕಾಲು ಕಿತ್ತರು. ಕಾಳಪ್ಪ ಕಾಲು ಕೀಳಲಿಲ್ಲ. ಅವನ ಕಣ್ಣಿಂದ ನೀರು ಹರಿದದ್ದು ಹೆದರಿಕೆಗಲ್ಲ.

"ಕೇಳಿಸ್ತಾ?" ಅಂದರು ಅಜ್ಜಾರು.

"ಕೇಳಿಸ್ತ್ರಿ."

"ಹಂಗಾರ ಹಾಕು. ಡ್ರಿಲ್ ತಗೋ."

ಕಾಳಪ್ಪ ಹಳೆಯ ತೂತುಗಳನ್ನು ಬಿಟ್ಟು ಬೇರೆ ಜಾಗ ನೋಡಿದ. ಸಣ್ಣ ಬಿಟ್ ಹಾಕಿ ಮೊದಲು ತೂತು ಕೊರೆದ. ಬೇವಿನ ಪುಡಿ ಮೆತ್ತಗೆ ಸುರುಳಿಯಾಗಿ ಬಂತು. ಒಂದೇ ಪಟ್ಟಿ ಇಟ್ಟ. ಡ್ರಿಲ್ಲಿನ ಬಳೆಯನ್ನು ಸಣ್ಣ ಅಂಕಿಗೆ ತಿರುಗಿಸಿದ. ಸ್ಕ್ರೂ ಇಟ್ಟು ಒತ್ತಿದ.

ಸ್ಕ್ರೂ ಒಳಗೆ ಹೋಗಿ ಪಟ್ಟಿಯ ಮೈ ಮುಟ್ಟಿತು. ಕಟಕಟ. ನಿಂತಿತು.

ಬೆರಳು ಗುಂಡಿಯ ಮೇಲೆ ಇನ್ನೂ ಒತ್ತಿಕೊಂಡೇ ಇತ್ತು. ಯಂತ್ರ ಮತ್ತೆ ಕಟಕಟ ಅಂದಿತು. ಕಾಳಪ್ಪ ಬೆರಳು ತೆಗೆದ.

"ಸಾಕು ಅಂತೈತ್ರಿ," ಅಂದ, ಯಾರಿಗೆ ಹೇಳುತ್ತಿದ್ದೇನೆಂದು ಗೊತ್ತಿಲ್ಲದವನ ಹಾಗೆ.

ಅಜ್ಜಾರು ಮುಂದಿನ ಸ್ಕ್ರೂ ಕೈಗೆ ಕೊಟ್ಟರು.

ಒಂದೊಂದಾಗಿ ಹಾಕಿದ. ಪ್ರತಿಯೊಂದಕ್ಕೂ ನಿಂತ. ಸ್ಕ್ರೂ ತಲೆಗಳು ಮರದ ಮೇಲೆ ಚಂದಾಗಿ ಕೂತವು, ಹುಗಿಯಲಿಲ್ಲ. ಬಿರುಕು ಇದ್ದಷ್ಟೇ ಇತ್ತು. ಫಕೀರವ್ವ ಕದದ ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿದಳು. ಕದ ಕದವಾಗಿಯೇ ಉಳಿದಿತ್ತು. ಆಕೆಯ ಹೆಗಲು ಇಳಿಯಿತು.

ಕೊನೆಯ ಸ್ಕ್ರೂ ಕಟಕಟ ಅಂದಿತು.

ಕಾಳಪ್ಪ ಪಟ್ಟಿ ಹಿಡಿದು ಅಲ್ಲಾಡಿಸಿ ನೋಡಿದ. ಗಟ್ಟಿ ಇತ್ತು. ಆದರೆ ಮೊದಲಿನ ಗಟ್ಟಿ ಅಲ್ಲ. ಮನಸ್ಸು ಮಾಡಿ ತಳ್ಳಿದರೆ ಸ್ವಲ್ಪ ಬಿಟ್ಟುಕೊಡುವ ಹಾಗಿತ್ತು. ಹೊತ್ತು ಮುಳುಗುತ್ತಿತ್ತು, ಕದದ ಸಂದಿಯಲ್ಲಿ ಕತ್ತಲೆ ತುಂಬುತ್ತಿತ್ತು. ಅವನ ಹಳೆಯ ಹೆದರಿಕೆ ಮತ್ತೆ ತಲೆ ಎತ್ತಿತು.

ಅಜ್ಜಾರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

"ಅಜ್ಜಾರ, ಇಷ್ಟ ಸಡಿಲ ಬಿಟ್ರ ಹ್ಯಾಂಗ್ರಿ? ಒಳಗಿಂದ ನೂಕಿದ್ರ ಬಂದ ಬಿಡ್ತೈತ್ರಿ. ಎಲ್ಲಾಕ್ಕೂ ಇನ್ನೊಂದೊಂದು ಸುತ್ತು ಹ್ವಾದ್ರ ಛಲೋ ಅಲ್ಲೇನ್ರಿ? ಅವ ಹೊರಗ ಬಂದಗಿಂದಾನು!"

ಅಜ್ಜಾರು ಅವನ ಕೈಯಿಂದ ಡ್ರಿಲ್ ತೆಗೆದುಕೊಂಡು ಬ್ಯಾಟರಿ ಕಳಚಿದರು. ಮಕ್ಕಳನ್ನು ಅವಚಿಕೊಂಡು ಬಾಗಿಲನ್ನೇ ನೋಡುತ್ತ ನಿಂತಿದ್ದ ಫಕೀರವ್ವನ ಕಡೆ ಗದ್ದ ತೋರಿಸಿದರು.

"ಅವ ಹೊರಗ ಬರಲಿಲ್ಲಂದ್ರ, ಆಕಿ ಒಳಗ ಹ್ಯಾಂಗ ಹೋಗ್ತಾಳೋ ತಮ್ಮಾ?"